ಉಲ್ಟಾ ಆದ ಕೊಡೆ

ನಿನ್ನೆಯ ಗಾಳಿಗೆ ನನ್ನ ಕೊಡೆ ಉಲ್ಟಾ ಆಯಿತು. ಗುಂಡಿ ಒತ್ತಿದರೆ ಫಟ್ಟಂತ ಬಿಚ್ಚಿಕೊಳ್ಳುವ ಜಾತಿಯದು. ಎರಡು ಕಡ್ಡಿ ಮುರಿದವು. ಒಂದು ಕಣ್ಣಿಗೆ ಚುಚ್ಚುವುದು ಸ್ವಲ್ಪದರಲ್ಲಿ ತಪ್ಪಿತು. ನೆನೆದು ತೊಪ್ಪೆಯಾಗಿ ಮನೆ ಸೇರಿ, ಬೈಯೋದಕ್ಕೆ ಯಾರಾದರೂ ಬೇಕಲ್ಲ ಎಂದು ಚೀಟಿ ನೋಡಿದೆ. ‘ಮೇಡ್ ಇನ್ ಚೈನಾ’.

ಚೀನಾದ ಕೈಕೆಳಗಿನ ಹಾಂಗ್‌ಕಾಂಗ್ ನೆನಪಾಯಿತು. ತಮ್ಮ ಆಡಳಿತದ ಮುಖ್ಯಸ್ಥರ ಚುನಾವಣೆಗೆ ಯಾರು ನಿಲ್ಲಬಹುದು ಅನ್ನುವುದನ್ನೂ ಬೀಜಿಂಗೇ ತೀರ್ಮಾನಿಸುತ್ತದೆ ಎಂದು ಅಲ್ಲಿನವರು ಸಿಟ್ಟಾಗಿ ಬೀದಿಗಿಳಿದಿದ್ದರು. 2014ರ ಸೆಪ್ಟೆಂಬರ್ 28ರಂದು ಪೊಲೀಸರು 87 ಅಶ್ರುವಾಯು ಶೆಲ್ ಸಿಡಿಸಿದರು. ಜನ ಅಡ್ಡ ಹಿಡಿದದ್ದು ಕೊಡೆ! ಪೆಪ್ಪರ್ ಸ್ಪ್ರೇ ಬಂದರೆ ಮುಂದಕ್ಕೆ ಬಗ್ಗಿಸುವುದು, ಬಿಸಿಲೇರಿದರೆ ಅದರಡಿಯೇ ಒಂದು ನಿದ್ದೆ. ಹುಡುಗರು ರಸ್ತೆಯ ಮಧ್ಯೆ ಮೇಜು ಹಾಕಿಕೊಂಡು ಹೋಂವರ್ಕ್ ಬೇರೆ ಮಾಡಿದರು. ಮುರಿದ ಕೊಡೆಗಳನ್ನೂ ಬಿಸಾಡಲಿಲ್ಲ. ಬಟ್ಟೆ ಬಿಚ್ಚಿ, ತುಂಡಿಗೆ ತುಂಡು ಹೊಲಿದು, ದೊಡ್ಡದೊಂದು ಚಪ್ಪರವನ್ನೇ ಮಾಡಿದರು. 79 ದಿನ ನಡೆಯಿತು ಆ ಚಳವಳಿ. ನನ್ನದು ಒಂದು ಗಾಳಿಗೂ ತಡೆಯಲಿಲ್ಲ.

2019ರಲ್ಲಿ ಮತ್ತೆ ಗಲಾಟೆಯಾದಾಗ ಕೊಡೆಗಳೂ ಮತ್ತೆ ಬೀದಿಗೆ ಬಂದವು. ಆಗ ಚೀನಾದ ಕೆಲವು ಕೊರಿಯರ್‌ನವರು, ಹಾಂಗ್‌ಕಾಂಗ್‌ಗೆ ಕಪ್ಪು ಬಟ್ಟೆ, ಹೆಲ್ಮೆಟ್, ಕೊಡೆ ತಗೊಂಡು ಹೋಗೋದಿಲ್ಲ ಅಂದುಬಿಟ್ಟರು. ಲೋಕಕ್ಕೆಲ್ಲ ಕೊಡೆ ಮಾರುವ ದೇಶ, ಪಕ್ಕದ ಊರಿಗೆ ಹೋಗುವ ಕೊಡೆಗೆ ಹೆದರಿತು!

ಜಾಗತೀಕರಣ ಬಂದರೆ ಸರ್ವಾಧಿಕಾರಿಗಳು ತಾವಾಗಿಯೇ ಉದುರುತ್ತಾರೆ ಎನ್ನುವ ಪಂಡಿತರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಡಗಿಗೇನು, ಕೊಡೆಯನ್ನೂ ಹೊರುತ್ತದೆ, ಶೆಲ್ಲನ್ನೂ ಹೊರುತ್ತದೆ. 2011ರಲ್ಲಿ ಈಜಿಪ್ಟಿನ ಅಧ್ಯಕ್ಷ ಮುಬಾರಕ್ ವಿರುದ್ಧ ಬೀದಿಗಿಳಿದ ಕೈರೋದ ಜನ ರಸ್ತೆಯಲ್ಲಿ ಬಿದ್ದಿದ್ದ ಅಶ್ರುವಾಯು ಡಬ್ಬಿ ಎತ್ತಿ ಕ್ಯಾಮೆರಾಕ್ಕೆ ತೋರಿಸಿದರು. ಅದರ ಮೇಲೂ ಚೀಟಿ ಇತ್ತು: ‘ಮೇಡ್ ಇನ್ ಯುಎಸ್‌ಎ’. ಪ್ರಜಾಪ್ರಭುತ್ವದ ಭಾಷಣವೂ ಅಲ್ಲಿಂದಲೇ ಬರುತ್ತಿತ್ತು ಅನ್ನಿ. ಆ ದಂಗೆಯನ್ನು ಫೇಸ್‌ಬುಕ್ ಕ್ರಾಂತಿ ಅಂದವರೂ ಇದ್ದಾರೆ. ಜನವರಿ 28ರ ಶುಕ್ರವಾರದ ಹೊತ್ತಿಗೆ ಮುಬಾರಕ್ ಸರ್ಕಾರ ಇಂಟರ್ನೆಟ್ಟನ್ನೇ ಕಡಿದುಹಾಕಿತ್ತು. ಅವತ್ತು ಬೀದಿಗೆ ಬಂದವರು ಇನ್ನೂ ಜಾಸ್ತಿ. ಫೆಬ್ರವರಿ 11ಕ್ಕೆ ಮುಬಾರಕ್ ಇಳಿದರು. ಫೇಸ್‌ಬುಕ್ ಏನು ಮಾಡಿತೋ, ಅದನ್ನು ಕಡಿದದ್ದು ಏನು ಮಾಡಿತೋ, ಪಂಡಿತರೇ ಹೇಳಲಿ.

ಇದರಲ್ಲಿ ಒಂದು ದೊಡ್ಡ ತತ್ವ ಇದೆ, ಸಿಕ್ಕೇಬಿಟ್ಟಿತು ಅಂತ ನಿನ್ನೆ ರಾತ್ರಿ ಅನ್ನಿಸಿತ್ತು. ಬರೆದಿಟ್ಟುಕೊಳ್ಳಲಿಲ್ಲ. ಅದರ ಬದಲು ಕತ್ತರಿ ಹುಡುಕಿ, ಕೊಡೆಯ ಬಟ್ಟೆ ಬಿಚ್ಚಲು ಕೂತೆ. ಬಟ್ಟೆಗೆ ಏನೂ ಆಗಿರಲಿಲ್ಲ. ಕಡ್ಡಿಯ ತುದಿಗೆ ಹಾಕಿದ ಹೊಲಿಗೆ ಎಂಥ ಗಟ್ಟಿ ಅಂತೀರಿ! ಎಂಟರಲ್ಲಿ ಮೂರು ಬಿಚ್ಚುವಷ್ಟರಲ್ಲಿ ಬೆರಳು ನೋಯತೊಡಗಿತು. ಇನ್ನು ಐದಿವೆ.