ಗ್ಯಾಸ್ ಹೋಗ್ಯಾದೇನ್ರೀ?

ನಮ್ಮ ಕಲಬುರಗಿಯಲ್ಲಿ ಮನುಷ್ಯನ ಗ್ಯಾಸಿಗೆ ಮರ್ಯಾದೆ ಸಿಗುವುದು ಕರುಳಿನ ಆಪರೇಷನ್ ಆದ ಮೇಲೆ ಮಾತ್ರ. ಅಲ್ಲಿವರೆಗೆ ಬಿಟ್ಟರೆ ಮನೆಮಂದಿ ಮೂಗು ಮುಚ್ಚುತ್ತಾರೆ. ಆಮೇಲೆ ಬಿಟ್ಟರೆ ಆಳಂದದ ಬೀಗರಿಗೂ ಸೇಡಂನ ತಂಗಿಗೂ ಫೋನ್ ಹೋಗುತ್ತದೆ.

ಬೆಳಿಗ್ಗೆ ರೌಂಡ್ಸ್ ಬರುತ್ತದೆ. ಮುಂದೆ ದೊಡ್ಡ ಡಾಕ್ಟರು, ಹಿಂದೆ ಸಣ್ಣ ಡಾಕ್ಟರು, ಅವರ ಹಿಂದೆ ಫೈಲ್ ಹಿಡಿದ ಸಿಸ್ಟರು. ಯಾವ ಆಸ್ಪತ್ರೆ ಅಂತ ಕೇಳಬೇಡಿ, ನಿಮಗೆ ಗೊತ್ತಿರುವುದೇ ಅಂದುಕೊಳ್ಳಿ. ಗ್ಯಾಸ್ ಹೋದರೆ ಕರುಳು ಮತ್ತೆ ಕೆಲಸಕ್ಕೆ ಎದ್ದಿದೆ ಅಂತ ಲೆಕ್ಕ. ಅದಕ್ಕೇ ಹಾಸಿಗೆ ಮುಂದೆ ನಿಂತು ಒಂದೇ ಪ್ರಶ್ನೆ: "ಗ್ಯಾಸ್ ಹೋಗ್ಯಾದೇನ್ರೀ?" ಆಪರೇಷನ್ ಆಗಿ ಮಲಗಿರುವ ಕಾಕಾ ಹೆಂಡತಿಯ ಮುಖ ನೋಡುತ್ತಾನೆ. ಹೆಂಡತಿ ಸೊಸೆಯ ಮುಖ ನೋಡುತ್ತಾಳೆ. ಸೊಸೆ ಗೋಡೆ ನೋಡುತ್ತಾಳೆ. "ಇಲ್ರೀ ಸಾಹೇಬ್ರ." "ಹಂಗಾದ್ರ ಬಾಯಿಗೆ ಏನೂ ಬ್ಯಾಡ." ರೌಂಡ್ಸ್ ಮುಂದಿನ ಹಾಸಿಗೆಗೆ.

ಸೊಸೆ ನೋಡಿದ ಗೋಡೆಯ ಮೇಲೆ ಲ್ಯಾಮಿನೇಷನ್ ಮಾಡಿಸಿದ ಒಂದು ಹಾಳೆ ಇದೆ. ಗ್ಯಾಸಿಗೆ ಕಾಯುತ್ತಾ ಕೂರಬೇಡಿ, ಆಪರೇಷನ್ ಆದ ದಿನವೇ ಬಾಯಿಂದ ನೀರು ಕೊಡಿ, ಮರುದಿನದ ಹೊತ್ತಿಗೆ ಊಟ ಶುರುಮಾಡಿ ಅಂತ ಅದರಲ್ಲಿದೆ. ಇಂಗ್ಲಿಷಿನಲ್ಲಿ. ಡಾಕ್ಟರ ಬೆನ್ನು ಆ ಹಾಳೆಯ ಕಡೆಗಿತ್ತು.

ಹಾಳೆಯ ಹಿಂದೆ ದೊಡ್ಡ ಕಥೆಯೇ ಇದೆ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು: ಆಪರೇಷನ್ ಚೆನ್ನಾಗಿಯೇ ಆಗಿದ್ದರೂ ರೋಗಿ ಯಾಕೆ ಇನ್ನೂ ಹಾಸಿಗೆಯಲ್ಲಿದ್ದಾನೆ? ಅಲ್ಲಿಂದ ಬೆಳೆದ ವಿಚಾರಕ್ಕೆ 2010ರಲ್ಲಿ ಸ್ವೀಡನ್ನಿನಲ್ಲಿ ಈರಾಸ್ ಸೊಸೈಟಿ ಅಂತ ಒಂದು ಸಂಸ್ಥೆಯೇ ಹುಟ್ಟಿತು (ಈರಾಸ್ ಅಂದರೆ ಆಪರೇಷನ್ ಆದ ಮೇಲೆ ಬೇಗ ಚೇತರಿಸಿಕೊಳ್ಳುವುದು ಅನ್ನುವುದರ ಇಂಗ್ಲಿಷ್ ಗಿಡ್ಡ ಹೆಸರು). ಮೊದಲೇ ದಿನ ಗೊತ್ತುಮಾಡಿ ನಡೆಸುವ ಕರುಳಿನ ಆಪರೇಷನ್ನಿಗೆ ಅವರದೇ ಮಾರ್ಗಸೂಚಿ ಇದೆ, 20ಕ್ಕೂ ಹೆಚ್ಚು ಅಂಶಗಳದ್ದು. ಬಹಳ ಹೊತ್ತು ಉಪವಾಸ ಇಡಬೇಡಿ, ಬೇಡದ ಪೈಪ್ ಹಾಕಬೇಡಿ, ಬೇಗ ಎಬ್ಬಿಸಿ, ಬೇಗ ಉಣಿಸಿ. ಅದರ ಸಾರ ಇಷ್ಟೇ. ನಮ್ಮ ಅಜ್ಜಿಗೆ ಓದಿ ಹೇಳಿದ್ದರೆ "ಇದಕ್ಕ ಡೆನ್ಮಾರ್ಕಿಗೆ ಯಾಕ ಹೋಗಬೇಕಿತ್ತು" ಅನ್ನುತ್ತಿದ್ದಳು.

ನಮ್ಮಲ್ಲಿ ಅದು ಹೇಗೆ ಜಾರಿಯಲ್ಲಿದೆ ನೋಡಿ. ಘನ ಆಹಾರ 6 ಗಂಟೆ ಮೊದಲಿನವರೆಗೆ, ನೀರಿನಂಥ ತಿಳಿ ಪಾನೀಯ ಅರಿವಳಿಕೆಗೆ 2 ಗಂಟೆ ಮೊದಲಿನವರೆಗೆ ಕೊಡಬಹುದು ಅನ್ನುತ್ತದೆ ಹಾಳೆ. ಹೊಟ್ಟೆ ತಡವಾಗಿ ಖಾಲಿಯಾಗುವ ಕಾಯಿಲೆಯವರ ಲೆಕ್ಕ ಬೇರೆ, ಅದನ್ನು ಡಾಕ್ಟರೇ ನೋಡುತ್ತಾರೆ. ಸಿಸ್ಟರ್ ಮಾತ್ರ ಎಲ್ಲರಿಗೂ ಸಮಾನತೆ ಪಾಲಿಸುತ್ತಾರೆ: "ರಾತ್ರಿ 12ರ ಮ್ಯಾಲ ಹನಿ ನೀರೂ ಮುಟ್ಟಬ್ಯಾಡ್ರಿ." ಕಾಕಾನ ಹೆಸರು ಲಿಸ್ಟಿನಲ್ಲಿ ಮೂರನೆಯದು. ಮೊದಲನೆಯದು ಮುಗಿಯಲಿಲ್ಲ, ನಡುವೆ ಒಂದು ಎಮರ್ಜೆನ್ಸಿ ನುಗ್ಗಿತು. ಮಧ್ಯಾಹ್ನ ಎರಡಾಯಿತು. ಮೇ ತಿಂಗಳು, ಹೊರಗೆ 42 ಡಿಗ್ರಿ. ಕಾಕಾನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ. ಒಂದು ಗುಟುಕು ನೀರು ಕೇಳಿದರೆ ಸಿಸ್ಟರು ಅನಸ್ತೇಸಿಯಾ ಸರ್ ಕಡೆ ಕೈ ತೋರಿಸುತ್ತಾರೆ. ಅನಸ್ತೇಸಿಯಾ ಸರ್ ಸರ್ಜನ್ ಕಡೆ. ಸರ್ಜನ್ ಲಿಸ್ಟ್ ಕಡೆ. ಲಿಸ್ಟಿಗೆ ಕೈ ಇಲ್ಲ, ಅದು ಯಾರನ್ನೂ ತೋರಿಸುವುದಿಲ್ಲ.

ಆಪರೇಷನ್ನಿಗೆ ಮುಂಚೆ ಕುಡಿಸುವ ಸಕ್ಕರೆಯಂಶದ ಪಾನೀಯ ಅಂತಲೂ ಹಾಳೆಯಲ್ಲಿ ಒಂದು ಸಾಲಿದೆ. ಎದುರಿನ ಮೆಡಿಕಲ್‌ನಲ್ಲಿ ಕೇಳಿದರೆ "ಬಂದಿಲ್ಲ" ಅಂದರು. ಪಕ್ಕದ ಡಬ್ಬಾ ಅಂಗಡಿಯಲ್ಲಿ, 2013ರಲ್ಲೇ ರಾಜ್ಯದಲ್ಲಿ ನಿಷೇಧವಾದ ಗುಟ್ಕಾ ಮಾತ್ರ ಕೇಳುವ ಮೊದಲೇ ಕೈಗೆ ಬಂತು. ಮಾರ್ಗಸೂಚಿಯ ಹಳೆಯ ಆವೃತ್ತಿಯಲ್ಲಿ ಚ್ಯೂಯಿಂಗ್ ಗಮ್ ಜಗಿದರೆ ಕರುಳು ಬೇಗ ಎಚ್ಚರವಾಗಬಹುದು ಅಂತಿತ್ತು. (ಆಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ, ಆ ಮಾತು ಬೇರೆ.) ಸಣ್ಣ ಡಾಕ್ಟರು ಪಾಪ ಇದನ್ನು ಬಾಯಿಬಿಟ್ಟು ಹೇಳಿದರು. ಕಾಕಾನ ಅಳಿಯ ಕೂಡಲೇ ಜೇಬಿಗೆ ಕೈ ಹಾಕಿದ. "ಜಗಿಯೋದೇ ಔಷಧಿ ಅಂದ್ರ ನಮ್ಮ ಮಾವನ ಬಾಯಿ ಮೂವತ್ತು ವರ್ಷದಿಂದ ಡ್ಯೂಟಿ ಮ್ಯಾಲೇ ಅದಾರೀ!"

ಇನ್ನು ಸಲೈನ್. ಇಲ್ಲಿ ಆಸ್ಪತ್ರೆಯನ್ನು ಮಾತ್ರ ಬೈದರೆ ತಪ್ಪಾಗುತ್ತದೆ, ನಾವೂ ಕಡಿಮೆ ಇಲ್ಲ. ಉಪ್ಪುನೀರು ಜಾಸ್ತಿ ಏರಿಸಿದರೆ ಕರುಳೇ ಊದಿಕೊಂಡು ಕೆಲಸಕ್ಕೆ ಬರುವುದು ತಡವಾಗುತ್ತದೆ. ನೋಡಲು ಬಂದ ನೆಂಟರಿಗೆ ಇದನ್ನು ಹೇಳಿ ನೋಡಿ. ಅವರು ಬಾಗಿಲಲ್ಲೇ ಕೇಳುವುದು "ಎಷ್ಟು ಬಾಟ್ಲಿ ಏರಿಸ್ಯಾರ?" ಅಂತ. ಆರು ಅಂದರೆ ತಲೆಯಾಡಿಸುತ್ತಾರೆ. ಒಂದೇ ಅಂದರೆ "ಡಾಕ್ಟ್ರು ಕೈಬಿಟ್ಟಾರೇನು?" ಅಂತ ಪಿಸುಗುಡುತ್ತಾರೆ. ಬಾಟ್ಲಿ ತೂಗದ ಹಾಸಿಗೆ ನಮ್ಮ ಕಣ್ಣಿಗೆ ಆಸ್ಪತ್ರೆಯ ಹಾಸಿಗೆಯೇ ಅಲ್ಲ. ಗಂಜಿ ಕೊಡಿ ಅಂತ ಯಾರಾದರೂ ಧೈರ್ಯವಂತ ಡಾಕ್ಟರು ಹೇಳಿದರೂ ಕಾಕಿ ಕೊಡುವುದಿಲ್ಲ, ಹೊಲಿಗೆ ಬಿಚ್ಚೀತು ಅಂತ ಭಯ. ಬೇಗ ಉಣಿಸಿದ್ದಕ್ಕೆ ಕರುಳಿನ ಜೋಡಣೆ ಹೆಚ್ಚು ಬಿಚ್ಚುತ್ತದೆ ಅಂತ ಒಟ್ಟಾರೆ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಆದರೆ ಅಧ್ಯಯನಕ್ಕಿಂತ ಪಕ್ಕದ ಹಾಸಿಗೆಯ ಮುದುಕಿಯ ಮಾತಿಗೆ ತೂಕ ಜಾಸ್ತಿ.

ಮೊದಲ ದಿನವೇ ಎಬ್ಬಿಸಿ ನಡೆಸಬೇಕಂತೆ. ಕಾಕಾನ ಮೂಗಿಗೊಂದು ಪೈಪ್, ಮೂತ್ರಕ್ಕೊಂದು ಪೈಪ್, ಹೊಟ್ಟೆಯ ಪಕ್ಕಕ್ಕೊಂದು, ಕೈಗೊಂದು. ಮೂಗಿನದ್ದು ಮತ್ತು ಪಕ್ಕದ್ದನ್ನು ಬರೀ ರೂಢಿ ಅಂತ ಹಾಕಬೇಡಿ, ಮೂತ್ರದ್ದನ್ನು ಆದಷ್ಟು ಬೇಗ ತೆಗೆಯಿರಿ ಅನ್ನುತ್ತದೆ ಅದೇ ಹಾಳೆ. ಇವನ್ನೆಲ್ಲ ಎತ್ತಿಕೊಂಡು ಎದ್ದರೂ ನಡೆಯುವುದೆಲ್ಲಿ? ವರಾಂಡದಲ್ಲಿ ಚಾಪೆ, ಚಾಪೆ ಮೇಲೆ ನೆಂಟರು, ನೆಂಟರ ನಡುವೆ ರೊಟ್ಟಿ ಗಂಟು. ಕಾಕಾ ಎದ್ದು ಕೂತದ್ದು ಮೂರನೇ ದಿನ. ಆದರೆ ಫೈಲಿನಲ್ಲಿ ಅವನು ಮೊದಲ ದಿನ ಎರಡು ಸಲ, ಎರಡನೇ ದಿನ ನಾಲ್ಕು ಸಲ ನಡೆದಿದ್ದಾನೆ. ಎಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ರಾತ್ರಿ ಡ್ಯೂಟಿಯ ಹುಡುಗ ತೂಕಡಿಸುತ್ತಾ ಹಾಕಿದ ಟಿಕ್. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಇಡೀ ವಾರ್ಡಿಗೆ ಅವನೊಬ್ಬ. ರೋಗಿಯನ್ನು ನಡೆಸಲು ಅರ್ಧ ಗಂಟೆ ಬೇಕು, ಟಿಕ್ ಹಾಕಲು ಅರ್ಧ ಸೆಕೆಂಡು.

ಸ್ವೀಡನ್ನಿನ ಒಂದು ಆಸ್ಪತ್ರೆಯಲ್ಲಿ ಈ ನಿಯಮಗಳ ಪಾಲನೆ ಶೇ 43ರಿಂದ 70ಕ್ಕೆ ಏರಿದಾಗ ತೊಡಕುಗಳು ಕಡಿಮೆಯಾದವು ಅಂತ 2011ರಲ್ಲಿ ವರದಿ ಬಂತು. 70ಕ್ಕೇ ಅವರು ಪ್ರಬಂಧ ಬರೆದರು. ನಮ್ಮ ವಾರ್ಡಿನ ಫೈಲ್ ತೆಗೆದು ನೋಡಿ, ಶೇ 100. ತಪಾಸಣೆಗೆ ಬಂದ ಸಾಹೇಬರು ಫೈಲ್ ತಿರುವಿ ಮೆಚ್ಚಿಕೊಂಡರು. ಹಾಸಿಗೆಯಲ್ಲಿದ್ದ ಕಾಕಾನನ್ನು ಯಾರೂ ತಿರುವಿ ನೋಡಲಿಲ್ಲ.

ಕೊನೆಗೂ ಗ್ಯಾಸ್ ಹೋಯಿತು, ಕಾಕಾ ಉಂಡ, ನಡೆದ, ನೋವೂ ಇಳಿಯಿತು. ದೊಡ್ಡ ಡಾಕ್ಟರು ಡಿಸ್ಚಾರ್ಜ್ ಬರೆದರು. ಕಾಕಿ ಕೈಮುಗಿದಳು. "ಸಾಹೇಬ್ರ, ಇವತ್ತ ಅಮಾಸಿ. ನಾಳೆ ಮಂಗಳವಾರ. ಬುಧವಾರ ಕಳಸ್ರಿ."

ಡಾಕ್ಟರು ಒಂದು ಕ್ಷಣ ಯೋಚಿಸಿ ಸಿಸ್ಟರ್ ಕಡೆ ತಿರುಗಿದರು. "ಸುಮ್ನೆ ಮಲಗಿರ್ತಾರಲ್ಲ, ಒಂದೆರಡು ಬಾಟ್ಲಿ ಏರಸ್ರಿ."