ಅಳಿಯ ಅಲ್ಲ, ಮಗಳ ಗಂಡ

ನಮ್ಮೂರ ಟೆನಿಸ್ ಬಾಲ್ ಟೂರ್ನಮೆಂಟಿಗೆ ಮೊದಲ ಬಹುಮಾನ ಒಂದು ಟಗರು. ಅಂಪೈರು, ಕ್ಯಾಪ್ಟನ್ನಿನ ಭಾವಮೈದ. ಫೈನಲ್ಲಿನಲ್ಲಿ ಕ್ಯಾಪ್ಟನ್ ಅರ್ಧ ಪಿಚ್ಚಿನಲ್ಲಿ ಇದ್ದಾಗಲೇ ಸ್ಟಂಪು ಹಾರಿತು. ಭಾವಮೈದ ಮಾತ್ರ ಬಗ್ಗಿಕೊಂಡು ಚಪ್ಪಲಿಗೆ ಸಿಕ್ಕ ಕಲ್ಲು ಕೊಡವುತ್ತಿದ್ದ. ‘ನೋಡ್ಲಿಲ್ಲ, ನಾಟೌಟ್’ ಅಂದ. ಊರೆಲ್ಲ ಬೈಯಿತು. ಸಂಜೆ ಟಗರಿನ ಸಾರು ಯಾರ ಮನೆಯಲ್ಲಿ ಕುದಿಯುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಪಾಪ, ಮೊದಲೇ ನಿಯಮ ತಿದ್ದಿಸಿಕೊಂಡಿದ್ದರೆ ಬೈಗುಳ ತಪ್ಪುತ್ತಿತ್ತು.

ಭಾರತದ ಕ್ರಿಕೆಟ್ ಮಂಡಳಿ ಬಿಸಿಸಿಐಯವರು ಅಷ್ಟು ದಡ್ಡರಲ್ಲ. ಮಂಡಳಿ ನಡೆಸುವ ಪಂದ್ಯಗಳಲ್ಲಿ ಪದಾಧಿಕಾರಿಗಳು ದುಡ್ಡಿನ ವ್ಯವಹಾರ ಇಟ್ಟುಕೊಳ್ಳಬಾರದು ಅಂತ 6.2.4 ಎಂಬ ನಿಯಮ ಇತ್ತು. 2008ರಲ್ಲಿ ಐಪಿಎಲ್ ಹುಟ್ಟಿತು. ಆಗ ಖಜಾಂಚಿಯಾಗಿದ್ದವರು ಎನ್. ಶ್ರೀನಿವಾಸನ್. ಅವರ ಇಂಡಿಯಾ ಸಿಮೆಂಟ್ಸ್ ಚೆನ್ನೈ ತಂಡವನ್ನು ಕೊಂಡಿತು. ಈಗ ತಂಡ ಬಿಡಬೇಕಾ, ಕುರ್ಚಿ ಬಿಡಬೇಕಾ? ಎರಡನ್ನೂ ಬಿಡಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ನಿಯಮಕ್ಕೆ ‘ಐಪಿಎಲ್, ಚಾಂಪಿಯನ್ಸ್ ಲೀಗ್ ಬಿಟ್ಟು’ ಅಂತ ಒಂದು ಬಾಲ ಅಂಟಿಸಿದರು. ಏಕಾದಶಿ ಉಪವಾಸಕ್ಕೆ ಉಪ್ಪಿಟ್ಟು ಲೆಕ್ಕಕ್ಕಿಲ್ಲ ಅಂತಾರಲ್ಲ, ಹಾಗೆ.

ಆಗ ಭಾರತ ತಂಡದ ಆಯ್ಕೆ ಸಮಿತಿ ಅಧ್ಯಕ್ಷರಾಗಿದ್ದ ಶ್ರೀಕಾಂತ್ ಅವರೇ ಚೆನ್ನೈ ತಂಡದ ರಾಯಭಾರಿ. ಮಗನೂ ಅದೇ ತಂಡದಲ್ಲಿ. ಕೂಡುಕುಟುಂಬ ಮಾಯವಾಯಿತು ಅಂತ ಸುಮ್ನೆ ಕೊರಗುತ್ತೇವೆ.

2013ರ ಮೇನಲ್ಲಿ ಐಪಿಎಲ್ ಬೆಟ್ಟಿಂಗ್ ಪ್ರಕರಣದಲ್ಲಿ ಶ್ರೀನಿವಾಸನ್ ಅಳಿಯ ಗುರುನಾಥ್ ಮೇಯಪ್ಪನ್ ಬಂಧನವಾಯಿತು. ಆ ಹೊತ್ತಿಗೆ ಮಾವ ಬಿಸಿಸಿಐ ಅಧ್ಯಕ್ಷರು. ಅಳಿಯ ಚೆನ್ನೈ ಪರ ಆಟಗಾರರ ಹರಾಜಿನ ಮೇಜಿನಲ್ಲಿ ಕೂತಿದ್ದನ್ನು ದೇಶವೇ ಟೀವಿಯಲ್ಲಿ ನೋಡಿತ್ತು. ವಿಸಿಟಿಂಗ್ ಕಾರ್ಡಿನಲ್ಲಿ ‘ಟೀಮ್ ಪ್ರಿನ್ಸಿಪಾಲ್’, ಅಂದರೆ ತಂಡದ ಮುಖ್ಯಸ್ಥ ಅಂತಿತ್ತು. ಆದರೆ ಬಂಧನದ ಹೊತ್ತಿಗೆ ಅವರು ಮಾಲೀಕರೂ ಅಲ್ಲ, ಪ್ರಿನ್ಸಿಪಾಲೂ ಅಲ್ಲ. ಬರೀ ಕ್ರಿಕೆಟ್ ಆಸಕ್ತರಂತೆ! ಅಳಿಯ ಅಲ್ಲ, ಮಗಳ ಗಂಡ ಅನ್ನೋ ಗಾದೆಗೆ ಇಷ್ಟು ಚೆಂದದ ಉದಾಹರಣೆ ಬೇರೆಲ್ಲೂ ಸಿಗಲಿಕ್ಕಿಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ಮುದ್ಗಲ್ ಸಮಿತಿ ಈ ಆಸಕ್ತಿಯನ್ನು ನಂಬಲಿಲ್ಲ. 2015ರ ಜನವರಿಯಲ್ಲಿ ಕೋರ್ಟು ನಿಯಮಕ್ಕೆ ಅಂಟಿಸಿದ್ದ ಆ ಬಾಲವನ್ನೇ ಕತ್ತರಿಸಿತು. ಬೆಟ್ಟಿಂಗ್ ಹಗರಣಕ್ಕೆ ಚೆನ್ನೈ, ರಾಜಸ್ಥಾನ ತಂಡಗಳು ನಿಷೇಧವಾಗಿ ಎರಡು ವರ್ಷ ಮನೆಯಲ್ಲಿ ಕೂತವು.

ಆಮೇಲೆ ಕಾಲ ಬದಲಾಯಿತು. ನಮ್ಮ ಬೆಂಗಳೂರಿನ ರೋಜರ್ ಬಿನ್ನಿ ಆಯ್ಕೆಗಾರರಾಗಿದ್ದಾಗ ಮಗ ಸ್ಟುವರ್ಟ್ ಹೆಸರು ಬಂದರೆ ಎದ್ದು ಆಚೆ ಹೋಗುತ್ತಿದ್ದರಂತೆ. 2022ರಲ್ಲಿ ಬಿಸಿಸಿಐ ಅಧ್ಯಕ್ಷರಾದರು. ಬಂದ ಸ್ವಲ್ಪ ದಿನಕ್ಕೇ ಮಂಡಳಿಯ ನೀತಿ ಅಧಿಕಾರಿಯಿಂದ ನೋಟಿಸು. ಕಾರಣ? ಸೊಸೆ ಪಂದ್ಯ ಪ್ರಸಾರ ಮಾಡುವ ಚಾನೆಲ್ಲಿನಲ್ಲಿ ನಿರೂಪಕಿ. ಅಳಿಯ ಹರಾಜಿಗೆ ಕೂತರೂ ಬರೀ ಆಸಕ್ತ. ಸೊಸೆ ಮೈಕ್ ಹಿಡಿದರೆ ನೋಟಿಸು. ಅಪ್ಪಟ ನಮ್ಮ ಮನೆಗಳ ಪದ್ಧತಿ, ಅಲ್ವಾ?

ಮೊನ್ನೆ ಊರಿಗೆ ಹೋದಾಗ ನಮ್ಮ ಅಂಪೈರಿಗೆ ಇದನ್ನೆಲ್ಲ ಹೇಳಿದೆ. ಗಮನವಿಟ್ಟು ಕೇಳಿದ.

‘ಹಂಗಾದ್ರೆ ನಾನೂ ಒಂದು ಕಾರ್ಡ್ ಮಾಡಿಸ್ಲಾ?’

‘ಅಂಪೈರ್ ಅಂತಲಾ?’

‘ಛೆ, ಛೆ. ಟಗರು ಆಸಕ್ತ ಅಂತ.’