ಒಂದು ಕೂಸಿಗೆ ಎರಡು ಕುಲಾವಿ

ಜಲಜನಕದಿಂದ ವಿದ್ಯುತ್ ಪಡೆದು ಹಾರುವ ವಿಮಾನವನ್ನು ನಾಗರಿಕ ಸೇವೆಗೂ ರಕ್ಷಣಾ ಬಳಕೆಗೂ ಜಂಟಿಯಾಗಿ ರೂಪಿಸುತ್ತೇವೆಂದು ಎರಡು ದೇಶಗಳವರು ಒಡಂಬಡಿಕೆಗೆ ಸಹಿ ಹಾಕುವ ಸಮಾರಂಭಕ್ಕೆ ಈಗ ಒಂದು ಶಾಸ್ತ್ರವೇ ಬೆಳೆದಿದೆ. ಮೇಜಿನ ಮೇಲೆ ಎರಡು ಚರ್ಮದ ಕಡತ, ಎರಡು ಪುಟ್ಟ ಧ್ವಜ, ನಡುವೆ ಗೇಣುದ್ದದ ಬಿಳಿ ಪ್ಲಾಸ್ಟಿಕ್ ವಿಮಾನ. ಸಹಿಯಾದ ಮೇಲೆ ಕಡತಗಳನ್ನು ಅದಲುಬದಲು ಮಾಡಿಕೊಂಡು, ಛಾಯಾಗ್ರಾಹಕರು ಸಾಕೆನ್ನುವವರೆಗೆ ಕೈಕುಲುಕಬೇಕು. ಅಂದಿನ ಮಟ್ಟಿಗೆ ಇಡೀ ಯೋಜನೆಯಲ್ಲಿ ಮೇಲೆದ್ದು ನಿಂತಿರುವುದು ಆ ಪ್ಲಾಸ್ಟಿಕ್ ವಿಮಾನವೊಂದೇ, ಅದೂ ಕಡ್ಡಿಯ ಆಸರೆಯಿಂದ.

ನಿಜವಾದ ವಿಮಾನ ಹಾರಿಯೇ ಇಲ್ಲವೆಂದಲ್ಲ. 2023ರ ಜನವರಿ 19ರಂದು ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ವಿಮಾನ ನಿಲ್ದಾಣದಿಂದ ಝೀರೋಏವಿಯಾ ಕಂಪನಿಯ 19 ಆಸನಗಳ ಡಾರ್ನಿಯರ್ 228 ಸುಮಾರು ಹತ್ತು ನಿಮಿಷ ಹಾರಿತು. ಎಡ ರೆಕ್ಕೆಯಲ್ಲಿ ಹೊಸ ವಿದ್ಯುತ್ ಮೋಟಾರು. ಬಲ ರೆಕ್ಕೆಯಲ್ಲಿ, ಆಪತ್ತಿಗಿರಲೆಂದು, ಸೀಮೆಎಣ್ಣೆ ಕುಡಿಯುವ ಹಳೆಯ ಎಂಜಿನ್. ಪ್ರಯಾಣಿಕರು ಕೂರಬೇಕಾದ ಜಾಗದಲ್ಲಿ ಜಲಜನಕದ ತೊಟ್ಟಿಗಳೂ ಅದರಿಂದ ವಿದ್ಯುತ್ ತಯಾರಿಸುವ ಇಂಧನಕೋಶಗಳೂ ಕುಳಿತಿದ್ದವು. ಎಂಜಿನಿಯರುಗಳ ಮಟ್ಟಿಗೆ ಅದು ಪ್ರಾಮಾಣಿಕ ಪ್ರಯೋಗವೇ. ನಗು ಬರುವುದು ಅಂಥ ಹಾರಾಟಗಳ ಬೆನ್ನೇರಿ ಹೊರಡುವ ಕರಪತ್ರಗಳನ್ನು ಓದಿದಾಗ. ತೂಕಕ್ಕೆ ತೂಕ ಹಿಡಿದರೆ ಜಲಜನಕದಲ್ಲಿ ಸೀಮೆಎಣ್ಣೆಯ ಮೂರು ಪಟ್ಟಿನಷ್ಟು ಶಕ್ತಿಯಿದೆ ಎಂಬುದು ಅಲ್ಲಿ ದಪ್ಪಕ್ಷರದಲ್ಲಿರುತ್ತದೆ. ಅದನ್ನು ಮೈನಸ್ 253 ಡಿಗ್ರಿಗೆ ತಣಿಸಿ ದ್ರವವಾಗಿಸಿದರೂ ಅಷ್ಟೇ ಶಕ್ತಿಗೆ ನಾಲ್ಕು ಪಟ್ಟು ಜಾಗ ಬೇಕೆಂಬುದಕ್ಕೆ ಮಾತ್ರ ಕರಪತ್ರದಲ್ಲೂ ಜಾಗ ಸಾಲುವುದಿಲ್ಲ. ಜಗತ್ತಿನ ಬಹುಪಾಲು ಜಲಜನಕ ಇಂದಿಗೂ ನೈಸರ್ಗಿಕ ಅನಿಲ, ಕಲ್ಲಿದ್ದಲುಗಳಿಂದಲೇ ಬರುತ್ತಿದೆ ಎಂದು ಆ ಶುಭ ಮುಹೂರ್ತದಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಹಳೆಯ ಚಾಳಿ. ಇಲ್ಲಿ ಎರಡು ಹೊಲಿಸಲಾಗಿದೆ: ಪರಿಸರ ಸಚಿವರಿಗೆ ತೋರಿಸಲು ಹಸಿರು, ರಕ್ಷಣಾ ಸಚಿವರಿಗೆ ತೋರಿಸಲು ಖಾಕಿ. ಒಬ್ಬರಿಗೆ ಹೇಳುವುದು, ಇದು ಹೊಗೆಯುಗುಳದು, ಬರಿಯ ನೀರಾವಿ ಬಿಡುತ್ತದೆ ಎಂದು. ಇನ್ನೊಬ್ಬರಿಗೆ ಹೇಳುವುದು, ಸದ್ದು ಕಡಿಮೆ, ಶಾಖವೂ ಕಡಿಮೆ, ಆದ್ದರಿಂದ ಶತ್ರುವಿಗೆ ಸುಲಭವಾಗಿ ಸುಳಿವು ಸಿಗದು ಎಂದು. ಎರಡೂ ಸುಳ್ಳಲ್ಲ. ಆದರೆ ಇಂಗಾಲದ ಲೆಕ್ಕದಲ್ಲಿ ಸೊನ್ನೆ ತೋರಿಸಿ ಹೋದ ವಿಮಾನವು ಬಾಂಬು ಹಾಕಿ ಬಂದರೆ, ಕೆಳಗೆ ಉರಿದ ಊರಿನ ಹೊಗೆಯನ್ನು ಯಾವ ದೇಶದ ಖಾತೆಗೆ ಬರೆಯಬೇಕೆಂಬ ಕಲಮು ನನ್ನ ಕಣ್ಣಿಗೆ ಬಿದ್ದ ಯಾವ ಒಡಂಬಡಿಕೆಯಲ್ಲೂ ಇರಲಿಲ್ಲ. ಗುಂಡು ಹಾರುತ್ತಿರುವ ಗಡಿಗೆ ಮೈನಸ್ 253 ಡಿಗ್ರಿಯ ತೊಟ್ಟಿಯನ್ನು ಯಾರು ಹೊತ್ತು ತರಬೇಕೆಂಬುದೂ ಇರಲಿಲ್ಲ. ಬಹುಶಃ ಅದು ಶತ್ರುವಿನ ಸಹಕಾರವನ್ನೂ ಬೇಡುವ ವಿಷಯ.

2035ಕ್ಕೆ ಜಲಜನಕದ ವಿಮಾನ ತರುವುದಾಗಿ 2020ರಲ್ಲಿ ಸಾರಿದ್ದ ಏರ್‌ಬಸ್ ಕಂಪನಿಯೇ 2025ರಲ್ಲಿ ಗಡುವನ್ನು ಮುಂದೂಡಿತು. ಒಡಂಬಡಿಕೆಗಳಿಗೆ ಅಂಥ ಸಂಕಟವಿಲ್ಲ. ಅವಧಿ ಮುಗಿದ ಕೂಡಲೇ ಅದೇ ಮೇಜು, ಅದೇ ಧ್ವಜ, ಧೂಳು ಒರೆಸಿದ ಅದೇ ಪ್ಲಾಸ್ಟಿಕ್ ವಿಮಾನ ಮರಳಿ ಬರುತ್ತವೆ. ನವೀಕರಿಸಬಹುದಾದ ಇಂಧನ ಸಿಗುವವರೆಗೆ ಒಡಂಬಡಿಕೆಯನ್ನಾದರೂ ನವೀಕರಿಸುತ್ತಿರುತ್ತಾರೆ.